ಬೀಗ ಹಾಕಿದ ಡಬ್ಬಿ ಮತ್ತು ಹದಿಹರೆಯದ ಮನಸ್ಸು

ಮಕ್ಕಳು ಮೊಬೈಲಿನಿಂದ ಹಾಳಾಗುತ್ತಿದ್ದಾರೆ ಎಂಬ ಮಾತನ್ನು ನಾವು ಇಂದು ಎಲ್ಲೆಡೆಯೂ ಕೇಳುತ್ತೇವೆ. ಜುಮಾ ದಿನದ ಪ್ರವಚನದಲ್ಲಿ, ಶಾಲಾ ವಾರ್ಷಿಕೋತ್ಸವದ ಅಧ್ಯಕ್ಷ ಭಾಷಣದಲ್ಲಿ, ಮಠದ ಸತ್ಸಂಗದಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರ ಹರಟೆಯಲ್ಲಿ. ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ನಮ್ಮ ಸಮಾಜ ಈ ಒಂದು ವಿಷಯದಲ್ಲಿ ಒಂದಾಗಿದೆ. ಆದರೆ ಹದಿಹರೆಯದವರು ಸಾಮಾಜಿಕ ಜಾಲತಾಣಗಳಿಗೆ ಏಕೆ ಹೋಗುತ್ತಾರೆ ಎಂದು ಕೇಳುವವರು ಕಡಿಮೆ. 'ಚಟ' ಎಂಬ ಒಂದೇ ಪದದಲ್ಲಿ ಉತ್ತರ ಸಿದ್ಧವಾಗಿರುತ್ತದೆ.

ಈ ಚಟದ ವಾದವನ್ನು ಮನೆಮನೆಗೆ ಮುಟ್ಟಿಸಿದ ಸಿನಿಮಾ 'ದಿ ಸೋಷಿಯಲ್ ಡಿಲೆಮಾ'. ಅಮೆರಿಕದ ಜೆಫ್ ಒರ್ಲೋವ್ಸ್ಕಿ ನಿರ್ದೇಶಿಸಿದ ಈ ಸಾಕ್ಷ್ಯಚಿತ್ರ 2020ರ ಸೆಪ್ಟೆಂಬರ್ 9ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಕರಗುತ್ತಿರುವ ಹಿಮನದಿಗಳ ಬಗ್ಗೆ, ಸಾಯುತ್ತಿರುವ ಹವಳದ ದಿಬ್ಬಗಳ ಬಗ್ಗೆ ಹಿಂದೆ ಚಿತ್ರ ಮಾಡಿದ್ದ ಒರ್ಲೋವ್ಸ್ಕಿ, ಅದೇ ಆತಂಕದ ಕಣ್ಣಿನಿಂದ ಈ ಸಲ ಮೊಬೈಲ್ ಪರದೆಯನ್ನು ನೋಡಿದರು. ಚಿತ್ರ ಬಂದು ವರ್ಷಗಳು ಕಳೆದಿವೆ, ನಿಜ. ಆದರೆ ಅದು ಹೇಳಿದ್ದೇ ಇಂದು ದೇಶದೇಶಗಳಲ್ಲಿ ಕಾನೂನಿನ ರೂಪ ಪಡೆಯುತ್ತಿದೆ. ಆದ್ದರಿಂದ ಅದನ್ನು ಈಗ ಮತ್ತೊಮ್ಮೆ ಸಾವಧಾನವಾಗಿ ನೋಡುವುದು ಅಗತ್ಯವೆಂದು ನಮಗೆ ಅನಿಸಿದೆ.

ಚಿತ್ರದಲ್ಲಿ ಎರಡು ಎಳೆಗಳಿವೆ. ಒಂದು, ಗೂಗಲ್, ಫೇಸ್‌ಬುಕ್, ಟ್ವಿಟರ್‌ಗಳಂಥ ಕಂಪನಿಗಳಲ್ಲಿ ದುಡಿದು ಹೊರಬಂದವರ ಸಾಕ್ಷ್ಯ. ಬೆರಳು ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಅಜಾ ರಸ್ಕಿನ್ ಇಲ್ಲಿದ್ದಾರೆ. ಫೇಸ್‌ಬುಕ್‌ನ ಲೈಕ್ ಗುಂಡಿಯ ಹಿಂದಿದ್ದವರಲ್ಲೊಬ್ಬರಾದ ಜಸ್ಟಿನ್ ರೋಸೆನ್‌ಸ್ಟೀನ್ ಇದ್ದಾರೆ. ಗೂಗಲ್‌ನಲ್ಲಿದ್ದುಕೊಂಡೇ 2013ರಲ್ಲಿ ಬಳಕೆದಾರರ ಗಮನವನ್ನು ಹೀಗೆ ಕದಿಯುವುದು ಸರಿಯೇ ಎಂದು ಕೇಳಿದ ಟ್ರಿಸ್ಟನ್ ಹ್ಯಾರಿಸ್ ಇಡೀ ಚಿತ್ರದ ಸೂತ್ರಧಾರರಂತಿದ್ದಾರೆ. ಇವರು ಹೇಳುವುದರ ತಿರುಳು ಇಷ್ಟು: ನೀವು ಪರದೆಯ ಮುಂದೆ ಕೂತಷ್ಟು ಹೊತ್ತು ಜಾಹೀರಾತಿನ ಹಣ ಬರುತ್ತದೆ, ಆದ್ದರಿಂದ ನಿಮ್ಮನ್ನು ಏಳಗೊಡದಿರುವುದೇ ಈ ಯಂತ್ರದ ಕಸುಬು. ಈ ಎಳೆಯ ಬಗ್ಗೆ ನಮ್ಮ ತಕರಾರಿಲ್ಲ. ಸಾಲದ್ದಕ್ಕೆ 2021ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿಸ್ ಹೌಗೆನ್ ಹೊರತಂದ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳು ಈ ಮಾತಿಗೆ ಪುರಾವೆ ಒದಗಿಸಿದವು. ತಮ್ಮ ದೇಹದ ಬಗ್ಗೆ ಈಗಾಗಲೇ ಕೀಳರಿಮೆ ಇರುವ ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬರಿಗೆ ಇನ್‌ಸ್ಟಾಗ್ರಾಂ ಆ ಸಂಕಟವನ್ನು ಹೆಚ್ಚಿಸುತ್ತಿದೆ ಎಂದು ಕಂಪನಿಯ ಸಂಶೋಧಕರೇ ಬರೆದಿಟ್ಟಿದ್ದರು.

ಎರಡನೆಯದು ಕಾಲ್ಪನಿಕ ಕುಟುಂಬವೊಂದರ ಕತೆ. ತಾಯಿ, ಮಲತಂದೆ, ಮೂವರು ಮಕ್ಕಳು. ರಾತ್ರಿ ಊಟದ ಹೊತ್ತಿಗೆ ತಾಯಿ ಎಲ್ಲರ ಮೊಬೈಲುಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಇಷ್ಟು ಹೊತ್ತು ತೆರೆಯಲೇಬಾರದೆಂದು ಗಡಿಯಾರದ ಬೀಗ ಹಾಕುತ್ತಾಳೆ. ಮೇಜಿನ ಸುತ್ತ ಮಾತೇ ಹುಟ್ಟುವುದಿಲ್ಲ. ಡಬ್ಬಿಯೊಳಗಿಂದ ಒಂದು ಸದ್ದು ಬರುತ್ತದೆ. ಕಿರಿಯ ಮಗಳು ಐಲಾ ಎದ್ದುಹೋಗಿ ಡಬ್ಬಿಯನ್ನು ಒಡೆದೇ ಬಿಡುತ್ತಾಳೆ. ಆ ಗಲಾಟೆಯಲ್ಲಿ ಅಣ್ಣ ಬೆನ್‌ನ ಮೊಬೈಲ್ ಗಾಜು ಬಿರುಕು ಬಿಡುತ್ತದೆ. ಒಂದು ವಾರ ಮೊಬೈಲ್ ಮುಟ್ಟದಿದ್ದರೆ ಹೊಸ ಗಾಜು ಹಾಕಿಸಿಕೊಡುವುದಾಗಿ ತಾಯಿ ಮಗನೊಂದಿಗೆ ಪಂಥ ಕಟ್ಟುತ್ತಾಳೆ. ಯಂತ್ರದೊಳಗೆ ಕೂತ ಮೂವರು, ಮೂವರದ್ದೂ ಒಂದೇ ಮುಖ, ಅವನನ್ನು ಮರಳಿ ಸೆಳೆಯಲು ಸಂಚು ಹೂಡುತ್ತಾರೆ. ಹಳೆಯ ಗೆಳತಿಗೆ ಹೊಸ ಗೆಳೆಯ ಸಿಕ್ಕಿದ್ದಾನೆ ಎಂಬ ಸುದ್ದಿಯನ್ನು ತೇಲಿಬಿಡುತ್ತಾರೆ. ಬೆನ್ ಸೋಲುತ್ತಾನೆ. ಮುಂದೆ ಯಾವುದೋ ಉಗ್ರ ರಾಜಕೀಯ ಗುಂಪಿನ ವಿಡಿಯೋಗಳಲ್ಲಿ ಮುಳುಗಿ, ಕೊನೆಗೆ ಬೀದಿಯ ಗಲಭೆಯಲ್ಲಿ ಪೊಲೀಸರ ಕೈಗೆ ಸಿಗುತ್ತಾನೆ.

ಕತೆ ಬರೆಯುವವರಾಗಿ ನಮಗೆ ಇಲ್ಲಿಂದಲೇ ಅಸಮಾಧಾನ ಶುರುವಾಗುತ್ತದೆ. ಪಾತ್ರವೊಂದು ಏನು ಮಾಡಿತು ಎಂಬುದು ಘಟನೆ. ಏಕೆ ಮಾಡಿತು ಎಂದು ಗೊತ್ತಾದಾಗ ಅದು ಕತೆಯಾಗುತ್ತದೆ. ಬೆನ್‌ಗೆ ಶಾಲೆಯಲ್ಲಿ ಗೆಳೆಯರಿದ್ದಾರೆಯೇ? ಮಲತಂದೆ ಬಂದ ಮೇಲೆ ಮನೆಯಲ್ಲಿ ಅವನ ಜಾಗ ಎಲ್ಲಿ? ಆ ಹುಡುಗಿ ಅವನನ್ನು ಬಿಟ್ಟು ಹೋದದ್ದು ಏಕೆ, ಆ ದುಃಖವನ್ನು ಅವನು ಯಾರ ಬಳಿ ಹೇಳಿಕೊಂಡ? ಚಿತ್ರಕ್ಕೆ ಇವು ಬೇಕಿಲ್ಲ. ಅದರ ದೃಷ್ಟಿಯಲ್ಲಿ ಬೆನ್ ದಾರ ಕಟ್ಟಿದ ಗೊಂಬೆ. ಯಂತ್ರದ ಒಳಗಿನ ಮೂವರಿಗೆ ಕೊಟ್ಟಷ್ಟು ಮಾತು, ಉದ್ದೇಶ, ಸ್ವಭಾವವನ್ನು ಹುಡುಗನಿಗೆ ಕೊಟ್ಟಿಲ್ಲ. ಕಂಪನಿಗಳು ಬಳಕೆದಾರನನ್ನು ಮನುಷ್ಯನೆಂದು ಕಾಣುವುದಿಲ್ಲ ಎಂಬುದು ಚಿತ್ರದ ಆರೋಪ. ಆದರೆ ಆ ಆರೋಪ ಹೊರಿಸುವಾಗ ಚಿತ್ರವೂ ತನ್ನ ಹುಡುಗನನ್ನು ಹಾಗೆಯೇ ಕಂಡಿದೆ.

ಐಲಾಳ ಒಂದು ದೃಶ್ಯ ಮಾತ್ರ ಬೇರೆಯಾಗಿದೆ. ತನ್ನ ಮುಖವನ್ನು ಫಿಲ್ಟರಿನಿಂದ ತಿದ್ದಿ ಆಕೆ ಚಿತ್ರ ಹಾಕುತ್ತಾಳೆ. ಮೆಚ್ಚುಗೆಗಳ ಸಾಲಿನಲ್ಲಿ ಒಬ್ಬರು ಅವಳ ಕಿವಿಯನ್ನು ಆಡಿಕೊಳ್ಳುತ್ತಾರೆ. ಹುಡುಗಿ ಕನ್ನಡಿಯ ಮುಂದೆ ನಿಂತು ಕೂದಲಿನಿಂದ ಕಿವಿ ಮುಚ್ಚಿಕೊಳ್ಳುತ್ತಾಳೆ, ಕಣ್ಣಲ್ಲಿ ನೀರು. ಒಂದು ನಿಮಿಷದ ಈ ದೃಶ್ಯ ಉಳಿದ ಭಾಷಣಗಳಿಗಿಂತ ಹೆಚ್ಚು ಹೇಳುತ್ತದೆ. ಇಲ್ಲಿ ಯಂತ್ರದ ಸಂಚಿಲ್ಲ. ನಾನು ಚೆನ್ನಾಗಿದ್ದೇನೆಯೇ, ನನ್ನವರಿಗೆ ನಾನು ಬೇಕೇ ಎಂಬ ಹಳೆಯ ಪ್ರಶ್ನೆ ಇದೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ನಮ್ಮ ಅಜ್ಜಿಯರೂ ಇದನ್ನು ನೀರು ಸೇದುವ ಬಾವಿಕಟ್ಟೆಯಲ್ಲಿ ಗೆಳತಿಯರ ಕಣ್ಣುಗಳಲ್ಲಿ ಓದಿಕೊಂಡಿದ್ದರು. ವ್ಯತ್ಯಾಸವೆಂದರೆ ಬಾವಿಕಟ್ಟೆಯಲ್ಲಿ ಆಡಿಕೊಂಡವರು ಮರುದಿನ ಎದುರು ಸಿಗುತ್ತಿದ್ದರು, ಜಗಳವಾಡಿ ರಾಜಿಯಾಗುತ್ತಿದ್ದರು. ಇಲ್ಲಿ ಆ ಮಾತು ಹಾಗೇ ಉಳಿಯುತ್ತದೆ, ಎಣಿಕೆಯೂ ಉಳಿಯುತ್ತದೆ.

ಮಕ್ಕಳ ಕಾರಣಗಳನ್ನು ಕೇಳಿ ಬರೆದವರು ಇಲ್ಲವೆಂದಲ್ಲ. ಅಮೆರಿಕದವರೇ ಆದ ಡೇನಾ ಬಾಯ್ಡ್ ಹಲವು ವರ್ಷ ಬೇರೆಬೇರೆ ಊರುಗಳ ಹದಿಹರೆಯದವರ ಜೊತೆ ಕೂತು ಮಾತಾಡಿ 2014ರಲ್ಲಿ 'ಇಟ್ಸ್ ಕಾಂಪ್ಲಿಕೇಟೆಡ್' ಎಂಬ ಪುಸ್ತಕ ಪ್ರಕಟಿಸಿದರು. ಅವರ ವಾದ ಸರಳವಾಗಿದೆ: ಈ ಮಕ್ಕಳಿಗೆ ಹಿಡಿದಿರುವ ಹುಚ್ಚು ಯಂತ್ರದ್ದಲ್ಲ, ಒಬ್ಬರಿಗೊಬ್ಬರ ಸಂಗದ್ದು. ಎದುರುಬದುರು ಸೇರುವ ಅವಕಾಶವಿದ್ದರೆ ಅವರು ಅದನ್ನೇ ಬಯಸುತ್ತಾರೆ. ಆದರೆ ದೊಡ್ಡವರು ಭಯದಿಂದ ಬೀದಿ, ಮೈದಾನ, ಅಂಗಡಿಮುಂಗಟ್ಟುಗಳನ್ನು ಅವರಿಗೆ ಮುಚ್ಚಿದ್ದಾರೆ, ದಿನವನ್ನು ಪಾಠ ಪ್ರವಚನಗಳಿಂದ ತುಂಬಿದ್ದಾರೆ. ಉಳಿದಿರುವುದು ಪರದೆ ಮಾತ್ರ.

ಅಮೆರಿಕದ ಈ ಮಾತು ನಮ್ಮ ಜಿಲ್ಲಾ ಕೇಂದ್ರಗಳ, ತಾಲೂಕು ಪಟ್ಟಣಗಳ ಮಕ್ಕಳ ವಿಷಯದಲ್ಲಿ ಎಷ್ಟು ನಿಜ! ಹತ್ತನೇ ತರಗತಿ ಮುಗಿಸಿದ ಹುಡುಗಿಯನ್ನು ನೆನೆಯಿರಿ. ಯಾವ ಜಾತಿ, ಯಾವ ಧರ್ಮದ ಮನೆಯಾದರೂ ಸರಿ. ಕೆರೆ ಏರಿಯ ಮೇಲೆ ಸಂಜೆ ಕೂರುವುದು ಅಣ್ಣನ ಹಕ್ಕು. ಚಹಾ ಅಂಗಡಿಯ ಬೆಂಚು ಅಣ್ಣನ ಹಕ್ಕು. ಗ್ರಂಥಾಲಯಕ್ಕೂ ಅವಳು ಒಬ್ಬಳೇ ಹೋದರೆ ಎಲ್ಲಿಗೆ ಹೊರಟೆ ಎಂದು ನಾಲ್ಕು ಜನ ಕೇಳುತ್ತಾರೆ. ಕಾಲೇಜು ಬಿಟ್ಟರೆ ಮನೆ, ಮನೆ ಬಿಟ್ಟರೆ ಕಾಲೇಜು. ಅವಳಿಗೆ ಗೆಳತಿಯ ಮನೆಯ ಹೊಸ್ತಿಲು ಎಂದರೆ ಮೊಬೈಲ್. ಮೈಯಲ್ಲಾಗುವ ಬದಲಾವಣೆಯ ಬಗ್ಗೆ ಅಮ್ಮಿಯ ಬಳಿ ಕೇಳಲಾಗದ ಪ್ರಶ್ನೆ, ಓದಬೇಕೆಂದಿರುವ ಕೋರ್ಸಿನ ಮಾಹಿತಿ, ಮೆಹಂದಿಯ ಹೊಸ ವಿನ್ಯಾಸ, ಎಲ್ಲಕ್ಕೂ ಅದೇ ದಾರಿ. ಇದನ್ನೆಲ್ಲ ಚಟವೆಂದು ಕರೆದರೆ ಆ ಹುಡುಗಿಗೆ ನಾವು ಮಾಡುವ ಅನ್ಯಾಯ ಸಣ್ಣದಲ್ಲ.

ಹುಡುಗರ ಕಾರಣ ಇನ್ನೊಂದು ಬಗೆಯದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಟಿಕ್‌ಟಾಕ್ ನಮ್ಮ ಹಳ್ಳಿ ಪಟ್ಟಣಗಳಲ್ಲಿ ಹಬ್ಬಿತು. ಗ್ಯಾರೇಜಿನಲ್ಲಿ ಎಣ್ಣೆ ಮೆತ್ತಿದ ಬಟ್ಟೆಯಲ್ಲಿರುವ ಹುಡುಗ, ಗಾರೆ ಕೆಲಸಕ್ಕೆ ಹೋಗುವ ಹುಡುಗ, ಹೊಲದಲ್ಲಿ ನಿಂತು ಕುಣಿದವನು, ಇವರೆಲ್ಲ ಮೊದಲ ಬಾರಿಗೆ ಸಾವಿರಾರು ಜನರ ಕಣ್ಣಿಗೆ ಬಿದ್ದರು. ಯಾವ ಶಾಲೆಯ ವೇದಿಕೆಯೂ ಅವರನ್ನು ಕರೆದಿರಲಿಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಆರಂಭಿಸಿತು. ಒಂದು ಬಾಗಿಲು ಮುಚ್ಚಿದರೂ ಹಸಿವು ಹೋಗಲಿಲ್ಲ, ಇನ್ನೊಂದು ಬಾಗಿಲಿಗೆ ಹೋಯಿತು. ನಾಲ್ಕು ಜನ ತನ್ನನ್ನು ಗುರುತಿಸಲಿ ಎಂಬ ಆಸೆಯನ್ನು ಯಾವ ನಿಷೇಧದಿಂದಲೂ ಅಳಿಸಲು ಆಗದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಅದೇ 2020ರಲ್ಲಿ ಶಾಲೆಗಳು ಮುಚ್ಚಿದವು. ಕರ್ನಾಟಕದಲ್ಲಿ ಶಾಲೆಯನ್ನೇ ಮಕ್ಕಳ ಬಳಿಗೆ ಒಯ್ಯಲು ಆಗಸ್ಟ್‌ನಲ್ಲಿ ಶುರುವಾದ 'ವಿದ್ಯಾಗಮ' ಅಕ್ಟೋಬರ್‌ನಲ್ಲಿ ಕೊರೋನಾ ಭಯದಿಂದ ನಿಂತಿತು. ಪಾಠ, ಹಾಜರಿ, ಮನೆಪಾಠ ಎಲ್ಲವೂ ವಾಟ್ಸಾಪ್‌ಗೆ ಬಂದವು. ಅಲ್ಲಿಯವರೆಗೆ ಮೊಬೈಲ್ ಮುಟ್ಟಿದರೆ ಗದರುತ್ತಿದ್ದ ನಾವೇ ಸಾಲ ಮಾಡಿ ಮಕ್ಕಳ ಕೈಗೆ ಅದನ್ನು ಕೊಟ್ಟೆವು. ಪಾಠದ ಕಿಟಕಿಯ ಪಕ್ಕದಲ್ಲೇ ರೀಲ್ಸ್ ಕಿಟಕಿ ಇತ್ತು. ಹೀಗೆ ಕೊಟ್ಟದ್ದನ್ನು ಶಾಲೆ ತೆರೆದ ದಿನ ಕಿತ್ತುಕೊಳ್ಳಲು ಹೋದರೆ ಮಕ್ಕಳಿಗೆ ಅದರ ತರ್ಕ ಅರ್ಥವಾಗದಿರುವುದು ಸಹಜ.

ಇನ್ನು ಸಂಯಮದ ಮಾತು. ಚಿತ್ರದ ಡಬ್ಬಿಯ ಹಿಂದೆ ಒಂದು ಹಳೆಯ ನಂಬಿಕೆ ಕೆಲಸ ಮಾಡುತ್ತಿದೆ. ಸಂಯಮವೆನ್ನುವುದು ಒಳಗಿನ ಗಟ್ಟಿತನ, ಕೆಲವರಿಗಿದೆ, ಕೆಲವರಿಗಿಲ್ಲ ಎಂಬ ನಂಬಿಕೆ. ಇದಕ್ಕೆ ವಿಜ್ಞಾನದ ಮುದ್ರೆ ಒತ್ತಿದಂತೆ ಜನ ನೆನೆಯುವುದು ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಅವರ ಪ್ರಯೋಗವನ್ನು. 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಅವರು ಶುರುಮಾಡಿದ ಪ್ರಯೋಗದಲ್ಲಿ ಮಗುವಿನ ಮುಂದೆ ಒಂದು ತಿನಿಸು ಇಡುತ್ತಿದ್ದರು. ಈಗ ತಿನ್ನದೆ ಕಾದರೆ ಆಮೇಲೆ ಹೆಚ್ಚು ಸಿಗುತ್ತದೆ ಎನ್ನುತ್ತಿದ್ದರು. ಕಾದ ಮಕ್ಕಳು ಮುಂದೆ ಬದುಕಿನಲ್ಲಿ ಗೆದ್ದರು ಎಂಬ ಕತೆ ಲೋಕಪ್ರಸಿದ್ಧವಾಯಿತು. ಆದರೆ 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಸಂಬಂಧ ಬಹಳ ತೆಳುವಾಯಿತು.

ಮಿಶೆಲ್ ಅವರ ಪ್ರಯೋಗದಲ್ಲೇ ಇದ್ದ ಇನ್ನೊಂದು ಪಾಠವನ್ನು ಜನ ಮರೆತರು. ತಿನಿಸು ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಾಗ ಮಕ್ಕಳು ಹೆಚ್ಚು ಹೊತ್ತು ಕಾದರು. ಅಂದರೆ ಗೆದ್ದದ್ದು ಮನೋಬಲವೊಂದೇ ಅಲ್ಲ, ತಟ್ಟೆ ಎಲ್ಲಿತ್ತು ಎಂಬುದೂ ಮುಖ್ಯವಾಗಿತ್ತು. ನೋಟಿಫಿಕೇಷನ್ ಎಂದರೇನು? ತಟ್ಟೆಯಲ್ಲಿರುವ ಮಿಠಾಯಿ ತಾನೇ ಗಂಟೆ ಬಾರಿಸಿ, ಮಗುವಿನ ಹೆಸರು ಹಿಡಿದು ಕರೆಯುವುದು. ಈ ವ್ಯವಸ್ಥೆಯನ್ನು ರೂಪಿಸಿದ ದೊಡ್ಡವರೇ ಅದನ್ನು ಗೆಲ್ಲಲಾಗಲಿಲ್ಲ. ಫೇಸ್‌ಬುಕ್‌ನಲ್ಲಿ ಹಣ ಗಳಿಸುವ ವಿಭಾಗದ ಹೊಣೆ ಹೊತ್ತಿದ್ದ ಟಿಮ್ ಕೆಂಡಾಲ್, ಮನೆಯಲ್ಲಿ ಪುಟ್ಟ ಮಕ್ಕಳಿದ್ದರೂ ತಾನು ಅಡುಗೆಮನೆಯ ಉಗ್ರಾಣದಲ್ಲಿ ನಿಂತು ಮೊಬೈಲ್ ನೋಡುತ್ತಿದ್ದೆನೆಂದು ಇದೇ ಚಿತ್ರದಲ್ಲಿ ಹೇಳುತ್ತಾರೆ. ಹಾಗಿರುವಾಗ ಹದಿನೈದರ ಹುಡುಗನ ಸೋಲನ್ನು ಚಾರಿತ್ರ್ಯದ ದೋಷವೆನ್ನುವುದು ಹೇಗೆ?

ಈ ವಯಸ್ಸಿಗೆ ಇನ್ನೊಂದು ತೊಡಕೂ ಇದೆ. 2005ರಲ್ಲಿ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ವಾಹನ ಓಡಿಸುವ ಕಂಪ್ಯೂಟರ್ ಆಟವನ್ನು ಬೇರೆಬೇರೆ ವಯಸ್ಸಿನವರಿಗೆ ಆಡಿಸಿ ನೋಡಿದರು. ಒಬ್ಬರೇ ಆಡುವಾಗ ಹದಿಹರೆಯದವರು ದೊಡ್ಡವರಿಗಿಂತ ತೀರಾ ಬೇರೆಯಾಗಿರಲಿಲ್ಲ. ಗೆಳೆಯರು ನೋಡುತ್ತಿದ್ದಾಗ ಮಾತ್ರ ಅವರ ದುಡುಕು ಏರಿತು, ದೊಡ್ಡವರಲ್ಲಿ ಹಾಗಾಗಲಿಲ್ಲ. ಗೆಳೆಯರು ದಿನದ ಇಪ್ಪತ್ನಾಲ್ಕು ಗಂಟೆಯೂ ನೋಡುತ್ತಿರುವ ಜಾಗವೇ ಜಾಲತಾಣ. ಒಂಟಿಯಾಗಿ ವಿವೇಕಿಯಾಗಿರುವ ಹುಡುಗನಿಗೆ ಅಲ್ಲಿ ಒಂಟಿತನವೇ ಸಿಗುವುದಿಲ್ಲ.

ನಮಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು 2013ರಲ್ಲಿ ಪ್ರಕಟವಾದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರ ಸಣ್ಣ ಪ್ರಯೋಗ. ಇದ್ದವರು 28 ಪುಟ್ಟ ಮಕ್ಕಳು. ತಿನಿಸು ಇಡುವ ಮೊದಲು ಮಕ್ಕಳಿಗೆ ಚಿತ್ರ ಬರೆಯಲು ಹೊಸ ಬಣ್ಣದ ಪೆಟ್ಟಿಗೆ ತಂದುಕೊಡುವುದಾಗಿ ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ಮಾತು ಉಳಿಸಿಕೊಂಡರು, ಇನ್ನರ್ಧಕ್ಕೆ ಇಲ್ಲ ಎಂದು ಬರಿಗೈಯಲ್ಲಿ ಬಂದರು. ಆಮೇಲೆ ತಿನಿಸಿನ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದ ಮಕ್ಕಳು ಸುಮಾರು 3 ನಿಮಿಷ. ಎರಡನೇ ಗುಂಪಿನ 14 ಮಕ್ಕಳಲ್ಲಿ ಪೂರ್ತಿ 15 ನಿಮಿಷ ಕಾದದ್ದು ಒಂದೇ ಮಗು. ಆ ಮಕ್ಕಳಿಗೆ ಸಂಯಮ ಇರಲಿಲ್ಲವೆನ್ನೋಣವೇ? ಇವರ ಮಾತನ್ನು ನಂಬಿ ಕಾಯುವುದು ದಡ್ಡತನವೆಂದು ಅವು ಸರಿಯಾಗಿಯೇ ಲೆಕ್ಕ ಹಾಕಿದ್ದವು.

ಇದನ್ನು ಮನೆಗೆ ಅನ್ವಯಿಸಿಕೊಳ್ಳೋಣ. ಪರೀಕ್ಷೆ ಮುಗಿಯಲಿ, ಪ್ರವಾಸ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿ ಮರೆಯುವುದು. ಒಳ್ಳೆಯ ಅಂಕ ತಂದರೆ ಇಷ್ಟದ ವಿಷಯ ಓದಬಹುದು ಎಂದು ಹೇಳಿ, ಅಂಕ ಬಂದ ಮೇಲೆ ಮದುವೆಯ ಮಾತೆತ್ತುವುದು. ಊಟಕ್ಕೆ ಕೂತಾಗ ಮೊಬೈಲ್ ಬೇಡ ಎನ್ನುವ ಅಬ್ಬಾ, ದಸ್ತರ್‌ಖಾನಿನ ಮೇಲೆ ತನ್ನ ವಾಟ್ಸಾಪ್ ಗುಂಪಿಗೆ ಉತ್ತರ ಬರೆಯುವುದು. ಹೀಗಿರುವ ಮನೆಯಲ್ಲಿ ಮಗು ಯಾರ ಭರವಸೆಯ ಮೇಲೆ ಕಾಯಬೇಕು? ಕೈಯಲ್ಲಿರುವ ಪರದೆ ಕೂಡಲೇ ಕೊಡುತ್ತದೆ, ಸುಳ್ಳಾದರೂ ಕೊಡುತ್ತದೆ.

ಇದೇ ಮಕ್ಕಳು ರಮಜಾನಿನಲ್ಲಿ ಏನು ಮಾಡುತ್ತಾರೆ ನೋಡಿ. ಬೇಸಿಗೆಯ ಮಧ್ಯಾಹ್ನ, ಶಾಲೆಯ ನಲ್ಲಿಯ ಮುಂದೆ, ಯಾರೂ ನೋಡದಿರುವಾಗಲೂ ಹದಿಮೂರರ ಹುಡುಗ ಹನಿ ನೀರು ಕುಡಿಯುವುದಿಲ್ಲ. ಈ ಸಬ್ರ್ ಅವನಿಗೆ ಬೀಗದ ಡಬ್ಬಿಯಿಂದ ಬಂದದ್ದಲ್ಲ. ಸಹರಿಗೆ ಇಡೀ ಮನೆ ಒಟ್ಟಿಗೆ ಏಳುತ್ತದೆ, ಇಡೀ ಮೊಹಲ್ಲಾ ಒಟ್ಟಿಗೆ ಹಸಿದಿರುತ್ತದೆ, ಇಫ್ತಾರಿನ ಹೊತ್ತು ಒಂದು ನಿಮಿಷವೂ ತಪ್ಪುವುದಿಲ್ಲ. ನೆರೆಮನೆಯ ಏಕಾದಶಿಯ ಉಪವಾಸದಲ್ಲೂ, ಶಬರಿಮಲೆಗೆ ಮಾಲೆ ಹಾಕಿದ ಹುಡುಗನ ವ್ರತದಲ್ಲೂ ಇದೇ ಗುಟ್ಟಿದೆ. ದೊಡ್ಡವರೂ ಪಾಲುಗೊಳ್ಳುವ, ಅರ್ಥ ಗೊತ್ತಿರುವ, ಕೊನೆಯ ಹೊತ್ತು ಖಚಿತವಿರುವ ನಿಯಮವನ್ನು ಮಕ್ಕಳು ಸಂತೋಷದಿಂದ ಪಾಲಿಸುತ್ತಾರೆ. ಚಿತ್ರದ ತಾಯಿಯ ಡಬ್ಬಿ ಸೋತದ್ದು ಇಲ್ಲಿಯೇ. ಮೊಬೈಲ್ ತೆಗೆದಿಟ್ಟ ಮೇಲೆ ಆ ಮೇಜಿನ ಮೇಲೆ ಬೇರೇನೂ ಇರಲಿಲ್ಲ.

ಚಿತ್ರ ಕೊನೆಗೆ ಕೊಡುವ ಸಲಹೆಗಳು ಕೆಟ್ಟವಲ್ಲ. ನೋಟಿಫಿಕೇಷನ್ ಆರಿಸಿ, ಮಲಗುವ ಕೋಣೆಗೆ ಮೊಬೈಲ್ ಒಯ್ಯಬೇಡಿ, ಮಕ್ಕಳನ್ನು ಹೈಸ್ಕೂಲು ಮುಟ್ಟುವವರೆಗೆ ಜಾಲತಾಣದಿಂದ ದೂರವಿಡಿ. ಆದರೆ ಮಲಗುವ ಕೋಣೆ ಎಂಬುದೇ ಬೇರೆ ಇಲ್ಲದ, ಇಡೀ ಮನೆಗೆ ಒಂದೇ ಮೊಬೈಲ್ ಇರುವ, ಅದೂ ಅಬ್ಬಾ ರಾತ್ರಿ ಕೆಲಸದಿಂದ ಬಂದ ಮೇಲೆ ಕೈಗೆ ಸಿಗುವ ಮನೆಗಳು ಈ ಚಿತ್ರದ ಲೋಕದಲ್ಲಿಲ್ಲ. ಈ ಉದ್ಯಮದಿಂದ ಹಣ ಮಾಡಿ ಹೊರಬಂದವರು ತಮ್ಮ ಮಕ್ಕಳಿಗೆ ಪರದೆ ಕೊಡುವುದಿಲ್ಲ ಎನ್ನುವಾಗ, ಅವರ ಮಕ್ಕಳಿಗೆ ಮೈದಾನ, ಸಂಗೀತ, ಈಜುಕೊಳ ಇವೆ ಎಂಬುದನ್ನೂ ಹೇಳಬೇಕಿತ್ತು.

ಈಗ ಸರ್ಕಾರಗಳೇ ಡಬ್ಬಿಗೆ ಬೀಗ ಹಾಕಲು ಹೊರಟಿವೆ. ಆಸ್ಟ್ರೇಲಿಯಾ 2024ರ ನವೆಂಬರ್‌ನಲ್ಲಿ ಕಾನೂನು ಮಾಡಿ, 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ತಡೆಯಿತು. ನಮ್ಮ ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠವೂ 2023ರ ಸೆಪ್ಟೆಂಬರ್‌ನಲ್ಲಿ ಟ್ವಿಟರ್ ಪ್ರಕರಣದ ವಿಚಾರಣೆ ವೇಳೆ, ಶಾಲಾ ಮಕ್ಕಳಿಗೆ ವಯೋಮಿತಿ ತಂದರೆ ಒಳಿತೆಂದು ಮೌಖಿಕವಾಗಿ ಹೇಳಿತ್ತು. ಕೇಂದ್ರದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನೂ ತಡೆಯುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆಸ್ಟ್ರೇಲಿಯಾದ ಕಾನೂನಿನಲ್ಲಿ ದಂಡ ಬೀಳುವುದು ಕಂಪನಿಗೆ, ಮಗುವಿಗಾಗಲಿ ತಂದೆತಾಯಿಗಾಗಲಿ ಅಲ್ಲ. ಜಾಹೀರಾತಿನ ತಡೆಯೂ ಕಂಪನಿಯ ಮೇಲೆಯೇ. ಈ ದಿಕ್ಕು ಸರಿ. ಆದರೆ ತಾಯಿಯ ಖಾತೆಯನ್ನು ಮಗಳೇ ತೆರೆದುಕೊಟ್ಟಿರುವ, ಪಾಸ್‌ವರ್ಡ್ ಮಗನಿಗೆ ಮಾತ್ರ ಗೊತ್ತಿರುವ ನಮ್ಮ ಮನೆಗಳಲ್ಲಿ ಪೋಷಕರ ಒಪ್ಪಿಗೆ ಎಂಬುದು ಒಂದು ಗುಂಡಿ ಒತ್ತುವ ಶಾಸ್ತ್ರವಾಗಿಬಿಡುವ ಅಪಾಯವಿದೆ.

ಇದಕ್ಕಿಂತ ದೊಡ್ಡ ಅಪಾಯ ಮನೆಯೊಳಗಿನ ನಿಷೇಧದ್ದು. ಹುಡುಗಿಯೊಬ್ಬಳ ಚಿತ್ರವನ್ನು ಯಾರೋ ತಿರುಚಿ ಹೆದರಿಸುತ್ತಾರೆ ಎಂದುಕೊಳ್ಳಿ. ಅವಳು ಮೊದಲು ಯೋಚಿಸುವುದು ಪೊಲೀಸರ ಬಗ್ಗೆಯಲ್ಲ. ಮನೆಯಲ್ಲಿ ಹೇಳಿದರೆ ಮೊಬೈಲ್ ಹೋಗುತ್ತದೆ, ಜೊತೆಗೆ ಕಾಲೇಜೂ ಹೋಗುತ್ತದೆ ಎಂದು. ಆದ್ದರಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ, ಹೆದರಿಸುವವನಿಗೆ ಬೇಕಾದದ್ದೂ ಅದೇ. ಮಕ್ಕಳ ಸಹಾಯವಾಣಿ 1098 ಇದೆ, ಸೈಬರ್ ಅಪರಾಧಕ್ಕೆ 1930 ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಯ ಚಿಕಿತ್ಸೆಗೆಂದೇ 2014ರಲ್ಲಿ ಆರಂಭವಾದ 'ಶಟ್' ಕ್ಲಿನಿಕ್ ಇದೆ. ಇವುಗಳನ್ನು ತಲುಪಲು ಅವಳು ಮೊದಲು ಮನೆಯ ಒಬ್ಬರ ಬಳಿಯಾದರೂ ಬಾಯಿಬಿಡಬೇಕು. ಹೇಳಿದವಳಿಗೇ ಶಿಕ್ಷೆ ಎಂಬ ಮನೆಯಲ್ಲಿ ಅದು ಆಗುವುದಿಲ್ಲ. ಒಂದು ಮಗುವಿನ ಜೀವವೇ ಈ ಮೌನದಲ್ಲಿ ಹೋಗಬಹುದು.

'ದಿ ಸೋಷಿಯಲ್ ಡಿಲೆಮಾ' ನೋಡಬೇಕಾದ ಚಿತ್ರವೇ. ಕಂಪನಿಗಳ ಕರಾಮತ್ತನ್ನು ಇಷ್ಟು ಸರಳವಾಗಿ, ಒಳಗಿನವರ ಬಾಯಿಂದಲೇ ಹೇಳಿಸಿದ ಬೇರೆ ಚಿತ್ರಗಳು ಕಡಿಮೆ. ಆದರೆ ಅದನ್ನು ಮಕ್ಕಳಿಗೆ ಬುದ್ಧಿ ಹೇಳುವ ಕೋಲಾಗಿ ಬಳಸಬೇಡಿ ಎಂದು ಓದುಗರಲ್ಲಿ ನಮ್ಮ ವಿನಂತಿ. ಜೊತೆಗೆ ಕೂತು ನೋಡಿ. ಮುಗಿದ ಮೇಲೆ ಬೆನ್ ಏಕೆ ಹಾಗೆ ಮಾಡಿದ ಎಂದು ಮಕ್ಕಳನ್ನು ಕೇಳಿ. ನಿರ್ದೇಶಕರು ಬರೆಯದೆ ಬಿಟ್ಟ ಭಾಗವನ್ನು ಅವರು ಹೇಳುತ್ತಾರೆ. ಅದರಲ್ಲಿ ನಮ್ಮ ಮನೆಯ ಸುದ್ದಿಯೂ ಬಂದರೆ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಬೇಕು. ಆ ಅರ್ಧ ಗಂಟೆ ನಮ್ಮ ಮೊಬೈಲ್ ಬೇರೆ ಕೋಣೆಯಲ್ಲಿರಲಿ.